ಸುಣ್ಣ ಸುಟ್ಟ ಗಾಯ

ಹೋದ ವಾರ ಸಾಗರದ ನನ್ನ ಕ್ಲಿನಿಕ್ಕಿಗೆ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಬಂದು ಮೇಜಿನ ಮೇಲೆ ಚಿಕ್ಕ ಡಬ್ಬಿಯೊಂದನ್ನು ಇಟ್ಟ. “ಹೊಸದು ಮೇಡಂ. ವಸಡಿನ ರೋಗಕ್ಕೆ ಅರಿಶಿನದ ಜೆಲ್. ಪೂರ್ತಿ ಗಿಡಮೂಲದ್ದು, ಸೈಡ್ ಎಫೆಕ್ಟ್ ಇಲ್ಲ” ಎಂದು ಕಲಿತ ಪಾಠ ಒಪ್ಪಿಸಿ ಹೋದ. ಅವನು ಹೋದ ಮೇಲೆ ಡಬ್ಬಿ ಬಿಚ್ಚಿ ಒಳಗಿದ್ದ ಜೆಲ್ ಸಿರಿಂಜಿನ ಮುಚ್ಚಳ ತೆಗೆದೆ. ಮೊದಲು ಅರಿಶಿನದ ವಾಸನೆ, ಅದರ ಹಿಂದೆಯೇ ಲವಂಗ, ಕೊನೆಯಲ್ಲಿ ಸ್ವಲ್ಪ ಪುದೀನ. ಅಷ್ಟು ಮೂಗಿಗೆ ಬಿದ್ದದ್ದೇ ಮುಚ್ಚಳ ಹಾಕಿಬಿಟ್ಟೆ. ಹೊರಗೆ ಬೆಂಚಿನ ಮೇಲಿದ್ದವರನ್ನು ಹತ್ತು ನಿಮಿಷ ಕಾಯಿಸಿದೆ. ನಾನು ಸಾಮಾನ್ಯವಾಗಿ ಯಾರನ್ನೂ ಕಾಯಿಸುವವಳಲ್ಲ.

ಆ ವಾಸನೆ ನನಗೆ ಒಂದೇ ಒಂದು ಮಳೆಗಾಲದ್ದು. ಆಗ ನಾನು ತೀರ್ಥಹಳ್ಳಿಯಲ್ಲಿ ಕ್ಲಿನಿಕ್ ಇಟ್ಟು ಎರಡನೆಯ ವರ್ಷ. ಬಸ್ ಸ್ಟ್ಯಾಂಡಿನ ಎದುರು ಕಟ್ಟಡ, ಕೆಳಗೆ ಬೇಕರಿ, ಮೇಲೆ ನಾನು. ಒಂದು ಕುರ್ಚಿ, ಒಂದು ದೀಪ, ಕರೆಂಟು ಹೋದಾಗಲೆಲ್ಲ ನಿಟ್ಟುಸಿರು ಬಿಟ್ಟು ನಿಲ್ಲುವ ಒಂದು ಕಂಪ್ರೆಸರ್. ಹಲ್ಲಿನ ಡಾಕ್ಟರಾದ ಮೇಲೆ ವಸಡಿನ ರೋಗದ್ದೇ ಹೆಚ್ಚಿನ ಓದು ಓದಿದ್ದೆ. ಓದುವಾಗ ಗಿಡಮೂಲದ ಜೆಲ್‌ಗಳ ಮೇಲೆ ಕೆಲಸ ಮಾಡಿದ್ದರಿಂದ ಅವುಗಳ ಬಗ್ಗೆ ನನಗೆ ಮಮತೆ ಇತ್ತು. ಜಂಬವೂ ಇತ್ತು. ಅರಿಶಿನ, ಲೋಳೆಸರ, ದಾಳಿಂಬೆ ಸಿಪ್ಪೆ ಎಂದು ಶುರುಮಾಡಿದರೆ ನನ್ನನ್ನು ನಿಲ್ಲಿಸುವುದು ಕಷ್ಟ ಎಂದು ಗೆಳತಿಯರು ಛೇಡಿಸುತ್ತಿದ್ದರು.

ಜೆಲ್ ಒಂದರಿಂದಲೇ ಏನೂ ಆಗುವುದಿಲ್ಲ ಎಂಬುದನ್ನು ಮಾತ್ರ ಎಲ್ಲರಿಗೂ ತಪ್ಪದೆ ಹೇಳುತ್ತಿದ್ದೆ. ಹಲ್ಲಿನ ಬುಡದಲ್ಲಿ ಕಲ್ಲಿನ ಹಾಗೆ ಕಟ್ಟಿಕೊಂಡ ಕೊಳೆಯನ್ನು ಮೊದಲು ಕೆರೆದು ತೆಗೆಯಬೇಕು. ಆಮೇಲೆ ವಸಡಿಗೂ ಹಲ್ಲಿಗೂ ನಡುವೆ ಆಗಿರುವ ಸಂದಿಗೆ ಈ ಜೆಲ್ ತುಂಬಿದರೆ ಊತ ಇಳಿಯುವುದಕ್ಕೆ, ರಕ್ತ ನಿಲ್ಲುವುದಕ್ಕೆ ಒಂದಿಷ್ಟು ಸಹಾಯ ಆಗಬಹುದು. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅದರಲ್ಲೇ ಯಾರೂ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ.

ಮಂಜಣ್ಣ ಬಂದದ್ದು ಜೂನ್ ಮೊದಲ ವಾರ, ಮಳೆ ಹಿಡಿದ ಮೂರನೆಯ ದಿನವಿರಬೇಕು. ಅವರ ಮುಖ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಾದರೂ ದನಿ ದಿನವಿಡೀ ಕೇಳಿ ನನಗೆ ಗೊತ್ತು. ಅವರು ಖಾಸಗಿ ಬಸ್ಸುಗಳ ಏಜೆಂಟು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೋಣಂದೂರು, ರಿಪ್ಪನ್‌ಪೇಟೆ, ಸಾಗರ ಎಂದು ಒಂದೇ ಉಸಿರಿನಲ್ಲಿ ಕೂಗಿ ಜನ ಹತ್ತಿಸುವುದು ಅವರ ಕೆಲಸ. ಐವತ್ತೈದರ ಆಸುಪಾಸು, ತೆಳ್ಳಗಿನ ಮೈ, ಒದ್ದೆ ಕೊಡೆಯನ್ನು ಮೆಟ್ಟಿಲ ಮೇಲೇ ಬಿಟ್ಟು ಕಾಲು ಒರೆಸಿಕೊಂಡು ಒಳಗೆ ಬಂದರು.

“ಮೇಡಂ, ಎಡಗಡೆ ಕೆಳಗಿನ ದವಡೆ ಹಲ್ಲು ಅಲ್ಲಾಡ್ತದೆ. ಬ್ರಷ್ ಹಾಕಿದ್ರೆ ಕೆಂಪು. ಆದ್ರೆ ಕೀಳೋದು ಮಾತ್ರ ಬೇಡ ಮಾರಾಯ್ರೆ. ನನ್ನ ಹೊಟ್ಟೆಪಾಡು ಇರೋದೇ ಬಾಯಲ್ಲಿ. ಹಲ್ಲು ಹೋಗಿ ಸಾಗರ ಅಂದಿದ್ದು ಮತ್ತೊಂದು ಹಂಗೆ ಕೇಳಿಸಿದ್ರೆ ಜನ ಯಾವ ಬಸ್ ಹತ್ತೋದು?”

ಬಾಯಿ ತೆರೆಸಿದೆ. ಮೂವತ್ತು ವರ್ಷದ ಎಲೆಅಡಿಕೆ ಅಲ್ಲಿತ್ತು. ಹಲ್ಲುಗಳು ಕಂದು, ವಸಡು ಊದಿಕೊಂಡು ಹೊಳೆಯುತ್ತಿತ್ತು. ಸಂದಿಯ ಆಳ ಅಳೆಯುವ ಕಡ್ಡಿ ಇಟ್ಟಲ್ಲೆಲ್ಲ ರಕ್ತ. ಮುಖ್ಯವಾಗಿ ನಾಲ್ಕು ಕಡೆ ಆಳವಾಗಿ ಹೋಗಿತ್ತು. ಎಡಗಡೆ ಕೊನೆಯ ಹಲ್ಲಿನ ಪಕ್ಕದಲ್ಲಿ, ವಸಡಿನ ಮೇಲೆ, ಒಂದು ಬಿಳಿ ಕಲೆ. ಅದರ ನಡುವೆ ಕೆಂಪು.

“ಅದು ಸುಣ್ಣ ಸುಟ್ಟಿದ್ದು ಮೇಡಂ” ಎಂದರು ಮಂಜಣ್ಣ. “ಎಲೆಅಡಿಕೆ ಕವಳ ಆ ಕಡೆಗೇ ಇಟ್ಕೊಳ್ಳೋದು ನಾನು.”

ನನಗೂ ಹಾಗೇ ಕಂಡಿತ್ತು. ನಾನು ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ. ಊಟವಾದ ಮೇಲೆ ಹರಿವಾಣದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಬಾರದ ಮನೆಯನ್ನು ನಾನು ನೋಡಿಯೇ ಇರಲಿಲ್ಲ. ಮಾತಿನ ಭರದಲ್ಲಿ ಸುಣ್ಣ ಒಂದಿಷ್ಟು ಹೆಚ್ಚಾಗಿ ಬಾಯಿ ಸುಟ್ಟುಕೊಳ್ಳುವುದು, ಅದಕ್ಕೆ ತುಪ್ಪ ಸವರಿಕೊಳ್ಳುವುದು, ಮೂರು ದಿನದಲ್ಲಿ ಮರೆತು ಮತ್ತೆ ಸುಟ್ಟುಕೊಳ್ಳುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ದೂರದ ಊರಿನಿಂದ ಬಂದ, ಎಲೆಅಡಿಕೆ ಕಂಡೇ ಇರದ ಡಾಕ್ಟರಾಗಿದ್ದರೆ ಆ ಕಲೆ ನೋಡಿ ಕೈ ನಿಲ್ಲಿಸುತ್ತಿದ್ದರೋ ಏನೋ. ನಾನು ಊರಿನವಳು, ನನಗೆ ಎಲ್ಲ ಗೊತ್ತಿತ್ತು. ಕಾರ್ಡಿನಲ್ಲಿ ಸುಣ್ಣದ ಗಾಯ ಎಂದು ಬರೆದು ಮುಂದೆ ಹೋದೆ.

ಎರಡು ಸಲ ಕೂರಿಸಿ ಕ್ಲೀನಿಂಗ್ ಮಾಡಿದೆ. ಜೋಮು ಬರುವ ಇಂಜೆಕ್ಷನ್ ಕೊಟ್ಟಾಗ ಅವರು ತುಟಿ ಮುಟ್ಟಿ ಮುಟ್ಟಿ ನೋಡಿಕೊಂಡು, “ಇದು ನನ್ನದಲ್ಲ ಮೇಡಂ, ಯಾರದ್ದೋ ತಂದು ಅಂಟಿಸಿದೀರಿ” ಎಂದು ತೊದಲಿ ನಗಿಸಿದರು. ಆಮೇಲೆ ಜೆಲ್ ವಿಷಯ ಹೇಳಿದೆ. ಅರಿಶಿನ ಎಂದದ್ದೇ ಅವರಿಗೆ ನೆಮ್ಮದಿಯಾಯಿತು. ಅವರ ತಾಯಿ ಮೊಣಕಾಲು ತರಚಿದರೂ ಅದನ್ನೇ ಮೆತ್ತುತ್ತಿದ್ದರಂತೆ. ಮೊಂಡು ಸೂಜಿಯಿಂದ ನಾಲ್ಕೂ ಸಂದಿಗೆ ಹಳದಿ ಜೆಲ್ ತುಂಬಿ, ಪ್ರತಿ ವಾರ ಬರಬೇಕು ಎಂದೆ. ಎಲೆಅಡಿಕೆ ಮುಟ್ಟಬಾರದು ಎಂದೂ ಹೇಳಿದೆ. ಮುಟ್ಟಿದರೆ ನನ್ನ ಔಷಧಿ ದಂಡ, ನನ್ನ ಹತ್ತಿರ ಬರುವುದೂ ಬೇಡ ಎಂದೆ. ಆ ವರ್ಷ ನನ್ನ ಮಾತು ಹಾಗೆ ಖಾರವಾಗಿತ್ತು.

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಕೆಳಗೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. “ಬಿಟ್ಟೆ ಮೇಡಂ” ಎಂದರು. ಜೇಬಿನಿಂದ ಎಲೆಅಡಿಕೆಯ ಪ್ಲಾಸ್ಟಿಕ್ ಸಂಚಿ ತೆಗೆದು ನನ್ನ ಕಸದ ಬುಟ್ಟಿಗೆ ಹಾಕಿದರು. ನಾನು ಅದನ್ನು ನಾಟಕ ಎಂದುಕೊಂಡೆ.

ಯಾಕೆಂದರೆ ಎಲೆಅಡಿಕೆ ಬಿಟ್ಟೆ ಎನ್ನುವವರನ್ನು ನಾನು ಚಿಕ್ಕಂದಿನಿಂದ ಕಂಡವಳು. ನಮ್ಮ ಅಪ್ಪಯ್ಯ ವರ್ಷಕ್ಕೆ ಎರಡು ಸಲ ಬಿಡುತ್ತಿದ್ದರು. ಅಮ್ಮನ ಮುಂದೆ ಕೈ ತೊಳೆದುಕೊಂಡ ಹಾಗೆ ಮಾಡಿ, ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಸಂಚಿ ಸಿಕ್ಕಿಸಿಟ್ಟು, ದನಕ್ಕೆ ಹುಲ್ಲು ಹಾಕುವ ನೆವದಲ್ಲಿ ಹೋಗಿ ತಿಂದು ಬರುತ್ತಿದ್ದರು. ಕ್ಲಿನಿಕ್ಕಿಗೆ ಬರುವವರೂ ಹಾಗೆಯೇ. ಕೆಂಪು ತುಟಿಯಲ್ಲೇ ನಿಂತು ಬಿಟ್ಟು ತಿಂಗಳಾಯಿತು ಎನ್ನುವವರು. ಅವರನ್ನು ಹಿಡಿದು ಬಯ್ಯುವುದರಲ್ಲಿ ನನಗೆ ಒಂಥರಾ ಖುಷಿಯೂ ಇತ್ತು.

ಜುಲೈ ಹೊತ್ತಿಗೆ ಮಳೆ ಬಿಡುವೇ ಕೊಡಲಿಲ್ಲ. ತುಂಗೆ ತುಂಬಿ ಕೆಂಪಗೆ ಹರಿಯಿತು, ಎರಡು ದಿನ ಶಾಲೆಗಳಿಗೆ ರಜೆ ಕೊಟ್ಟರು, ಬಸ್ಸುಗಳು ಗಂಟೆಗಟ್ಟಲೆ ತಡ. ಕೆಲಸಕ್ಕೆ ಹೋಗಲಾಗದವರೆಲ್ಲ ಹಲ್ಲು ತೋರಿಸಲು ಬರುತ್ತಿದ್ದರು. ಗೋಡೆಗೆ ಹಸಿರು ಹಿಡಿಯಿತು, ಬಿಳಿ ಕೋಟು ಒಣಗದೆ ಮುಗ್ಗಲು ವಾಸನೆ ಬಂತು, ಅದರ ಮೇಲೆ ಅರಿಶಿನದ ವಾಸನೆ. ಮಂಜಣ್ಣ ಒಂದು ವಾರವೂ ತಪ್ಪಿಸಲಿಲ್ಲ. ಮೂರು ಕಡೆ ವಸಡು ಚೆನ್ನಾಗಿ ಕೂಡಿಕೊಂಡಿತು. ಕಡ್ಡಿ ಇಟ್ಟರೆ ರಕ್ತ ಇಲ್ಲ, ಊತ ಇಲ್ಲ. ಎಡಗಡೆಯ ಕೊನೆಯ ಹಲ್ಲಿನ ಹತ್ತಿರ ಮಾತ್ರ ಮುಟ್ಟಿದರೆ ಸಾಕು, ರಕ್ತ. ಆ ಬಿಳಿ ಕಲೆ ಹಾಗೇ ಇತ್ತು. ಇನ್ನೂ ಒಂದಿಷ್ಟು ದಪ್ಪವಾಗಿತ್ತು.

“ತಿಂತಿದೀರಿ ಮಂಜಣ್ಣ” ಎಂದೆ.

“ಇಲ್ಲ ಮೇಡಂ.”

“ಸುಣ್ಣ ಬೀಳದೆ ಈ ಗಾಯ ಹಿಂಗೇ ಇರಲ್ಲ. ಉಳಿದ ಮೂರು ಕಡೆ ವಾಸಿಯಾಗಿದೆ. ಸುಳ್ಳು ಹೇಳ್ಬೇಡಿ.”

“ದೇವರಾಣೆಗೂ ತಿಂದಿಲ್ಲ ಮೇಡಂ. ಬಾಯಿ ಚಪ್ಪೆ ಚಪ್ಪೆ ಆಗಿ ಕೂಗಕ್ಕೇ ಬೇಜಾರು. ಒಣಶುಂಠಿ ಚೂರು ಇಟ್ಕೊಂಡು ಕಾಲ ಹಾಕ್ತಿದೀನಿ.”

ನಾನು ನಕ್ಕೆ. ಮತ್ತೆ ಜೆಲ್ ತುಂಬಿದೆ. ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ, ರೋಗಿ ಎಲೆಅಡಿಕೆ ಮುಂದುವರಿಸಿದ್ದಾರೆ ಎಂದು ಬರೆದೆ. ಮಾಯದ ಹುಣ್ಣಿನ ಬಗ್ಗೆ ಪುಸ್ತಕ ಏನು ಹೇಳುತ್ತದೆ ಎಂಬುದು ನನಗೆ ಬಾಯಿಪಾಠ. ಕಾರಣ ತೆಗೆದ ಮೇಲೂ ಎರಡು ವಾರದಲ್ಲಿ ಮಾಯದಿದ್ದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಆ ಎರಡು ವಾರವನ್ನು ಅವರು ಸಂಚಿ ಬಿಸಾಡಿದ ದಿನದಿಂದ ಎಣಿಸಬೇಕಿತ್ತು. ಅವರು ಬಿಟ್ಟೇ ಇಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದರಿಂದ ನನ್ನ ಎಣಿಕೆ ಶುರುವಾಗಲೇ ಇಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಜುಲೈ ಕೊನೆಯಲ್ಲಿ ಅವರ ಹೆಂಡತಿ ಗಿರಿಜಕ್ಕ ಕೆಳಗಿನ ಬೇಕರಿಯಲ್ಲಿ ಸಿಕ್ಕರು. ನಾನೇ ಪರಿಚಯ ಹೇಳಿಕೊಂಡೆ. “ಮನೇಲಿ ಸ್ವಲ್ಪ ಕಣ್ಣಿಡಿ ಗಿರಿಜಕ್ಕ. ಗುಟ್ಟಾಗಿ ತಿಂತಿದಾರೆ. ಅದಕ್ಕೇ ಗಾಯ ಮಾಯ್ತಿಲ್ಲ” ಎಂದೆ.

ಗಿರಿಜಕ್ಕನ ಮುಖ ಗಂಟಿಕ್ಕಿತು. “ಬಿಟ್ಟೆ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದ್ರು ಮೇಡಂ. ಇರ್ಲಿ, ನಾನು ನೋಡ್ಕೊಳ್ತೀನಿ” ಎಂದರು.

ಮುಂದಿನ ವಾರ ಮಂಜಣ್ಣ ಬಂದಾಗ ನಗಿಸಲಿಲ್ಲ. ಹೆಂಡತಿ ಮಾತು ಬಿಟ್ಟಿದ್ದಾಳೆ ಎಂದಷ್ಟೇ ಹೇಳಿ ಬಾಯಿ ತೆರೆದರು. ನಾನು ಹೆಚ್ಚು ಕೇಳಲಿಲ್ಲ. ನನಗೆ ಅದು ಚಿಕಿತ್ಸೆಯ ಒಂದು ಭಾಗ ಎಂದೇ ಅನ್ನಿಸಿತ್ತು.

ಆಗಸ್ಟ್ ಮೊದಲ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಅವರು ಎಂದಿನ ದಿನ ಬಿಟ್ಟು ಬೇರೆ ದಿನ ಬಂದರು. ಕುರ್ಚಿಯಲ್ಲಿ ಕೂತು ಕೆಳತುಟಿಯನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದರು. “ಮೇಡಂ, ಅವತ್ತು ನೀವು ಚುಚ್ಚಿದ ಇಂಜೆಕ್ಷನ್ ಇಷ್ಟು ದಿನ ಇರ್ತದಾ? ಎಡಗಡೆ ತುಟಿ, ಗದ್ದ ಎಲ್ಲ ಜೋಮು. ಚಾ ಕುಡಿದ್ರೆ ಸೋರಿದ್ದೂ ಗೊತ್ತಾಗಲ್ಲ.”

ನಾನು ಅವರಿಗೆ ಇಂಜೆಕ್ಷನ್ ಕೊಟ್ಟು ಏಳು ವಾರ ಆಗಿತ್ತು. ಕೊಟ್ಟ ದಿನ ಸಂಜೆಗೇ ಅದು ಇಳಿದಿರುತ್ತದೆ. ಇಂಜೆಕ್ಷನ್ ಇಲ್ಲದೆ ತುಟಿ ಜೋಮು ಹಿಡಿಯಬೇಕಾದರೆ ದವಡೆಯ ಎಲುಬಿನ ಒಳಗೆ ಹೋಗುವ ನರವನ್ನು ಏನೋ ಮುಟ್ಟಿರಬೇಕು. ಅವರ ಗದ್ದದ ಕೆಳಗೆ ಕೈ ಹಾಕಿ ನೋಡಿದೆ. ಅಡಿಕೆಯಷ್ಟು ದಪ್ಪದ, ಗಟ್ಟಿಯಾದ ಒಂದು ಗಂಟು ಸಿಕ್ಕಿತು. ಎಕ್ಸ್‌ರೇ ತೆಗೆದೆ. ವಸಡಿನ ರೋಗದಲ್ಲಿ ಎಲುಬು ಸವೆಯುವುದಕ್ಕೆ ಒಂದು ರೀತಿ ಇರುತ್ತದೆ. ಇಲ್ಲಿ ಯಾವ ರೀತಿಯೂ ಇರಲಿಲ್ಲ; ಗೆದ್ದಲು ತಿಂದ ಹಲಗೆಯ ಅಂಚಿನ ಹಾಗಿತ್ತು.

ಅವತ್ತು ಜೆಲ್ ಹಚ್ಚಲಿಲ್ಲ. ಆ ಬಿಳಿ ಕಲೆಯ ಅಂಚಿನಿಂದ ಚೂರು ಕತ್ತರಿಸಿ ಶೀಷೆಗೆ ಹಾಕಿ ಪರೀಕ್ಷೆಗೆ ಕಳಿಸಿದೆ.   ಅವರು ಹೋದ ಮೇಲೆ ಮತ್ತೊಬ್ಬರ ಹಲ್ಲಿಗೆ ಸಿಮೆಂಟು ತುಂಬಿದೆ, ಒಬ್ಬ ಹುಡುಗಿಯ ತಂತಿ ಬಿಗಿ ಮಾಡಿದೆ, ಕೆಳಗಿಳಿದು ಬೇಕರಿಯಲ್ಲಿ ಬನ್ ತಿಂದೆ. ಬನ್ನಿಗೆ ರುಚಿಯಿತ್ತೋ ಇಲ್ಲವೋ ನೆನಪಿಲ್ಲ.

ಎಂಟು ದಿನಕ್ಕೆ ರಿಪೋರ್ಟು ಬಂತು. ಕ್ಯಾನ್ಸರ್ ಎಂದೇ ಇತ್ತು. ಮಂಜಣ್ಣನನ್ನು ಕರೆಸಿದೆ, ಗಿರಿಜಕ್ಕನೂ ಬಂದು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಅವರೊಬ್ಬರಿಗೇ ಹೇಳಿದೆ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಆ ಕಡೆಯ ದವಡೆ ತೆಗೆಯಬೇಕಾಗಬಹುದು, ತಡ ಮಾಡಬಾರದು ಎಂದೆ. ತಡ ಮಾಡಬಾರದು ಎಂದು ನನ್ನ ಬಾಯಿಂದಲೇ ಬಂತು. ತಡ ಮಾಡಿದ್ದು ನಾನು ಎಂಬುದು ಮಾತ್ರ ಬರಲಿಲ್ಲ.

ಮಂಜಣ್ಣ ದವಡೆಯ ಬಗ್ಗೆ ಕೇಳಲಿಲ್ಲ, ಎಷ್ಟು ದಿನ ಬದುಕುತ್ತೇನೆ ಎಂದೂ ಕೇಳಲಿಲ್ಲ. “ಹಂಗಾದ್ರೆ ಅದು ಸುಣ್ಣದ್ದಲ್ಲ” ಎಂದರು.

“ಅಲ್ಲ.”

“ಈಗಾದ್ರೂ ನಂಬ್ತೀರಾ ಮೇಡಂ, ನಾನು ತಿಂದಿರ್ಲಿಲ್ಲ ಅಂತ?”

ನಾನು ಹೂಂ ಎಂದೆ. ಅವರು ಬಾಗಿಲ ಕಡೆ ನೋಡಿ, “ಅವಳಿಗೂ ಒಂದು ಮಾತು ಹೇಳಿ” ಎಂದರು. ಹೇಳ್ತೀನಿ ಎಂದೆ. ಹೊರಗೆ ಬಂದಾಗ ಗಂಡನ ಮುಖ ನೋಡಿಯೇ ಗಿರಿಜಕ್ಕ ಅಳತೊಡಗಿದರು, ಮುಂದಿನ ರೋಗಿ ಆಗಲೇ ಎದ್ದು ನಿಂತಿದ್ದರು. ಕಾಗದ ಕೊಟ್ಟು, ಯಾವ ಬಸ್ಸಿಗೆ ಹೋಗಬೇಕು ಎಂದು ಹೇಳಿ ಕಳಿಸಿದೆ. ಬಸ್ಸಿನ ವಿಷಯ ಅವರಿಗೆ ನಾನು ಹೇಳಬೇಕಿತ್ತೇ!

ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಎಡಗಡೆಯ ಕೆಳದವಡೆ ತೆಗೆದರು, ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಸ್ಪತ್ರೆಯವರು ಹಳೆಯ ಎಕ್ಸ್‌ರೇ, ಕಾರ್ಡು ಕೇಳಿದ್ದರಿಂದ ಗಿರಿಜಕ್ಕ ಒಬ್ಬರೇ ಒಂದು ದಿನ ನನ್ನ ಹತ್ತಿರ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು.

“ನೀವು ಅಷ್ಟು ಹೇಳಿದ್ರಿ ಮೇಡಂ. ಕೇಳ್ಲಿಲ್ಲ ಇವ್ರು. ಕದ್ದು ತಿಂದು ತಿಂದು ತಾವೇ ತಂದ್ಕೊಂಡ್ರು. ಆಸ್ಪತ್ರೆ ಮಂಚದ ಮೇಲೂ ಅದನ್ನೇ ಹೇಳಿದೆ ನಾನು. ತಲೆ ಅಲ್ಲಾಡಿಸ್ತಾರೆ, ಮಾತು ಎಲ್ಲಿ ಬರ್ತದೆ. ನೀವಾದ್ರೂ ಬೇಗ ಕಂಡು ಹಿಡಿದ್ರಿ, ಇಲ್ಲದಿದ್ರೆ ಜೀವಾನೇ ಹೋಗ್ತಿತ್ತು.”

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು ಕಾರ್ಡು, ಎಕ್ಸ್‌ರೇ ಲಕೋಟೆಗೆ ಹಾಕಿ ಕೊಟ್ಟೆ. ಹಪ್ಪಳದ ಕಟ್ಟು ತೆಗೆದುಕೊಂಡೆ. ಗಿರಿಜಕ್ಕ ಮೆಟ್ಟಿಲಿಳಿದು ಹೋದರು.

ಆಮೇಲಿನ ವಾರಗಳ ಬಗ್ಗೆ ಬರೆಯುವುದಕ್ಕೆ ಹೆಚ್ಚಿಲ್ಲ. ಮಳೆ ಕಡಿಮೆಯಾಯಿತು. ನಾನು ದಿನಾ ಒಂಬತ್ತೂವರೆಗೆ ಬಾಗಿಲು ತೆಗೆದೆ, ಏಳಕ್ಕೆ ಹಾಕಿದೆ. ದುಃಖವಾಯಿತು ಎಂದು ಬರೆಯಲು ಆಸೆ, ಆದರೆ ಆಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಒಳಗೆ ಏನಿರಬೇಕೋ ಅದು ಇರುವ ಜಾಗವನ್ನು ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಜೆಲ್ ಬಳಸುವುದನ್ನೂ ನಿಲ್ಲಿಸಲಿಲ್ಲ, ಅದರದ್ದೇನು ತಪ್ಪು? ಮೂರು ಕಡೆ ಅದು ತನ್ನ ಕೆಲಸ ಮಾಡಿತ್ತು. ನಾಲ್ಕನೆಯ ಕಡೆ ಅದನ್ನು ಹಚ್ಚಿದವಳು ನಾನು. ಡಬ್ಬಿ ಖಾಲಿಯಾದ ಮೇಲೆ ಮಾತ್ರ ಮತ್ತೆ ತರಿಸಲಿಲ್ಲ.

ಹಪ್ಪಳದ ಕಟ್ಟು ಅಡುಗೆಮನೆಯ ಕಪಾಟಿನಲ್ಲಿ ಹಾಗೇ ಇತ್ತು. ದಸರಾ ಮುಗಿದ ಮೇಲೆ ಒಂದು ದಿನ ಊಟಕ್ಕೆ ಏನೂ ಇಲ್ಲದೆ ಎರಡು ಹಪ್ಪಳ ಕರಿದೆ. ತಟ್ಟೆಗೆ ಹಾಕಿಕೊಂಡು ಮುರಿದು ಬಾಯಿಗೆ ಇಟ್ಟುಕೊಂಡೆ, ನುಂಗಲಾಗಲಿಲ್ಲ. ಮರುದಿನ ಭಾನುವಾರ ಹೊಸನಗರದ ಬಸ್ಸು ಹತ್ತಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮಂಜಣ್ಣನನ್ನು ಗಿರಿಜಕ್ಕ ತಮ್ಮ ತವರಿಗೆ ಕರೆದುಕೊಂಡು ಹೋಗಿದ್ದರು. ಹೊಸನಗರದಲ್ಲಿ ಇಳಿದು ಆಟೋದಲ್ಲಿ ಮೂರು ಕಿಲೋಮೀಟರು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸಿಕೊಂಡೆ. ಇಳಿದಾಗ ಒಂದು ವಾಕ್ಯವೂ ನೆನಪಿರಲಿಲ್ಲ.

ಗಿರಿಜಕ್ಕ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದು ಮಣೆ ಹಾಕಿದರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಮಂಜಣ್ಣ ಗೋಡೆಗೆ ಒರಗಿ ಕೂತಿದ್ದರು. ಮೂಗಿನಲ್ಲಿ ನಳಿಕೆ, ಮುಖದ ಎಡಭಾಗ ಒಳಗೆ ಹೋಗಿತ್ತು. ನನ್ನನ್ನು ಗುರುತಿಸಿ ಕೈ ಎತ್ತಿದರು. ನಾನು ಒಳಗೆ ಹೋಗದೆ ಜಗಲಿಯಲ್ಲೇ ಕೂತೆ. ಗಂಜಿ ಇಳೀತದಾ ಎಂದು ಗಿರಿಜಕ್ಕನನ್ನು ಕೇಳಿದೆ. ನಳಿಕೆಯಲ್ಲಿ ಇಳೀತದೆ ಎಂದರು. ಚಾ ಮಾಡ್ತೀನಿ ಎಂದು ಎದ್ದವರನ್ನು ಕೈ ಹಿಡಿದು ಕೂರಿಸಿದೆ.

“ಗಿರಿಜಕ್ಕ, ಮಂಜಣ್ಣ ಎಲೆಅಡಿಕೆ ತಿಂದಿರ್ಲಿಲ್ಲ. ಜೂನ್‌ನಲ್ಲಿ ಬಿಟ್ಟವರು ಮತ್ತೆ ಮುಟ್ಟಲೇ ಇಲ್ಲ. ಗಾಯ ಮಾಯದೆ ಇದ್ದದ್ದು ಕ್ಯಾನ್ಸರ್ ಆಗಿದ್ದಕ್ಕೆ, ಕದ್ದು ತಿಂದಿದ್ದಕ್ಕಲ್ಲ. ನನಗೆ ಗೊತ್ತಾಗ್ಬೇಕಿತ್ತು. ನಾನು ಅವರ ಮಾತು ನಂಬದೆ ಏಳು ವಾರ ಕಳೆದೆ. ನಿಮ್ಮ ಹತ್ರ ಬೇಕರೀಲಿ ಹೇಳಿದ್ದೂ ತಪ್ಪು. ಬೇಗ ಕಂಡು ಹಿಡಿದವಳಲ್ಲ ನಾನು.”

ಮೊರದಲ್ಲಿದ್ದ ಗಿರಿಜಕ್ಕನ ಕೈ ನಿಂತಿತು. ಬಯ್ಯುತ್ತಾರೆ ಎಂದು ಕಾದೆ. ಬೈದರೆ ಒಳ್ಳೆಯದು ಅನ್ನಿಸಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಎದೆ ಹೊಡೆದುಕೊಳ್ಳುತ್ತಿರುವುದು ನನಗೆ ಗೊತ್ತಾಯಿತು.

“ದಿನಾ ಅವರ ಅಂಗಿ ಜೇಬು ತಿರುವಿ ನೋಡ್ತಿದ್ದೆ ಮೇಡಂ” ಎಂದರು ಗಿರಿಜಕ್ಕ, ಅಕ್ಕಿಯನ್ನೇ ನೋಡುತ್ತ. “ಕರವಸ್ತ್ರ ಮೂಸಿ ನೋಡ್ತಿದ್ದೆ. ಒಂದು ದಿನಾನೂ ಎಂಥದೂ ಸಿಗ್ಲಿಲ್ಲ. ಡಾಕ್ಟ್ರು ಹೇಳಿದ ಮೇಲೆ ಸುಳ್ಳಿರ್ತದಾ, ಎಲ್ಲೋ ಸಮಾ ಬಚ್ಚಿಡ್ತಾರೆ ಅಂದ್ಕೊಂಡೆ.”

ಮೊರ ಕೆಳಗಿಟ್ಟು ಎದ್ದರು. ಒಳಗೆ ಹೋಗಿ ಮಂಚದ ಹತ್ತಿರ ನಿಂತದ್ದು ನನಗೆ ಕಾಣುತ್ತಿತ್ತು. ಗಂಡನ ಹೊದಿಕೆಯನ್ನು ಸರಿಮಾಡಿದರು. ಆಮೇಲೆ, ಕಿವಿ ಕೇಳಿಸದವರಿಗೆ ಹೇಳುವ ಹಾಗೆ, ಜೋರಾಗಿ ಹೇಳಿದರು:

“ನೀವು ತಿಂದಿರ್ಲಿಲ್ವಂತೆ. ಡಾಕ್ಟ್ರು ಹೇಳಿದ್ರು.”